ಪರದೆಯ ಹಿಂದೆ ಕೂತ ಹೆಂಗಸರು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರಾದ ಈಶ್ವರಯ್ಯನವರೇ, ವೇದಿಕೆಯ ಮೇಲಿರುವ ಹಿರಿಯರೇ, ಬಡಾವಣೆಯ ತಾಯಂದಿರೇ, ಇಲ್ಲಿಯ ಬೆಂಚುಗಳ ತಿಗಣೆಯನ್ನು ಇನ್ನೂ ಮರೆಯದ ಸಭಿಕರೇ,

ಮನುಷ್ಯರನ್ನು ಬೀಳ್ಕೊಡುವುದುಂಟು. ಕಟ್ಟಡವನ್ನು ಬೀಳ್ಕೊಟ್ಟವರುಂಟೇ? ನಮ್ಮ ಸಂಘದ ಕಾರ್ಯದರ್ಶಿ ಶಶಿಕುಮಾರ್ ಅವರಿಗೆ ಆ ಬುದ್ಧಿ ಹೊಳೆಯಿತು. ನಾಳೆ ಬೆಳಿಗ್ಗೆ ಈ ಗಿರಿಜಾ ಪಿಕ್ಚರ್ ಹೌಸನ್ನು ಕೆಡವಲು ಜೆಸಿಬಿ ಬರುತ್ತದೆ. ಮಾಲೀಕನಾದ ನಾನೇ ಒಪ್ಪಿದ್ದೇನೆ, ಅದರ ದುಃಖ ನನಗಿಲ್ಲ. ನನ್ನ ಚಿಂತೆ ಬೇರೆ. ಈ ಪರದೆಯ ಆಚೆಯಿಂದ ಸಣ್ಣಗೆ ಯಾರೋ ಮಾತಾಡುವುದು ನಿಮಗೂ ಕೇಳಿಸುತ್ತಿರಬೇಕು. ಗಾಬರಿಯಾಗಬೇಡಿ, ಅದು ನನ್ನ ತಾಯಿ ಪಾರ್ವತಮ್ಮ. ಬೆಳಿಗ್ಗೆ ಹೋಗಿ ಕೂತವರು ಏಳುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಗೋಡೆ ಬೀಳುವ ಮೊದಲು ನಾನು ಅವರನ್ನು ಹೊರಗೆ ಕರೆತರಬೇಕು.

ಅವರು ಯಾಕೆ ಏಳುವುದಿಲ್ಲ? ಅದಕ್ಕೆ ಸ್ವಲ್ಪ ಚರಿತ್ರೆ ಹೇಳಬೇಕು.

ನನ್ನ ತಾತ ಚಂದ್ರಯ್ಯನವರು ಹೊಳೆನರಸೀಪುರದ ರಸ್ತೆಯಲ್ಲಿ ಇದನ್ನು ಕಟ್ಟಿಸಿದಾಗ ಸುತ್ತಲೂ ರಾಗಿ ಹೊಲ. ಚಿತ್ರಗಳಿಗೆ ಇನ್ನೂ ಬಾಯಿ ಬಂದಿರಲಿಲ್ಲ. ಗಂಡಸರು ಪರದೆಯ ಮುಂದೆ, ಹೆಂಗಸರು ಪರದೆಯ ಹಿಂದೆ. ಬಟ್ಟೆಗೆ ನೀರು ಎರಚಿದರೆ ಬೆಳಕು ಆ ಕಡೆಗೂ ಹಾಯುತ್ತಿತ್ತು. ಆದರೆ ಹಿಂದಿನವರಿಗೆ ಎಲ್ಲವೂ ತಿರುಗುಮುರುಗು. ಋಷಿಗಳು ಎಡಗೈಯಲ್ಲಿ ಆಶೀರ್ವಾದ ಮಾಡುತ್ತಿದ್ದರು, ರಾಜರು ಎಡಗೈಯಲ್ಲಿ ಉಣ್ಣುತ್ತಿದ್ದರು. ನಮ್ಮ ಹೆಂಗಸರು ಅದನ್ನೇ ದೊಡ್ಡವರ ಮನೆಯ ಪದ್ಧತಿ ಎಂದುಕೊಂಡಿದ್ದರಂತೆ.

ಮಾತಿನ ಬದಲು ಪರದೆಯ ಮೇಲೆ ಬರುತ್ತಿದ್ದ ಅಕ್ಷರವೂ ತಿರುಗುಮುರುಗಾದ್ದರಿಂದ ನನ್ನ ಅಜ್ಜಿ ಗುರುಸಿದ್ದಮ್ಮ ಅಲ್ಲಿ ನಿಂತು ಕಥೆ ಹೇಳುತ್ತಿದ್ದರು. ಉಪ್ಪುಖಾರ ಹಚ್ಚುತ್ತಿದ್ದರು, ಸರಿ. ಆದರೆ ಪರದೆ ತೋರಿಸದ್ದನ್ನು ಎಂದೂ ಹೇಳುತ್ತಿರಲಿಲ್ಲ. "ಕಾಣದ್ದನ್ನ ಬಾಯಲ್ಲಿ ಆಡಬಾರ್ದು" ಎಂಬುದು ಅವರ ನೇಮ. ಕಥೆ ಮುಗಿಯಿತೆಂದು ಅವರು ಹೇಳದೆ ಒಬ್ಬ ಹೆಂಗಸೂ ಏಳುತ್ತಿರಲಿಲ್ಲ.

ಕೊನೆಯ ಮೂಕಿ ಚಿತ್ರ ಬಂದಾಗ ಅದರ ಕಡೆಯ ರೀಲು ಮೈಸೂರಿನಿಂದ ಬರಲೇ ಇಲ್ಲ. ಪರದೆಯ ಮೇಲೆ ಒಬ್ಬ ತಾಯಿ ತನ್ನ ಮಗುವನ್ನು ಹುಡುಕುತ್ತ ಹೊಳೆಯ ದಡಕ್ಕೆ ಬಂದು ದೋಣಿಗೆ ಕೈ ಬೀಸುತ್ತಾಳೆ. ಅಷ್ಟಕ್ಕೇ ಬೆಳಕು ಆರಿತು. ಅಜ್ಜಿ ಹೇಳಿದರಂತೆ: "ಮಿಕ್ಕಿದ್ದು ನಾಳೀಕೆ ಏಳ್ತೀನಿ, ಬನ್ರವ್ವ." ನಾಳೆಗೆ ರೀಲು ಬರಲಿಲ್ಲ. ಟಾಕಿ ಯಂತ್ರ ಬಂತು, ಹೆಂಗಸರನ್ನೂ ಮುಂದೆ ಕೂರಿಸಿದರು. ಆ ಹೆಂಗಸರು ಮುದುಕಿಯರಾಗಿ ಒಬ್ಬೊಬ್ಬರಾಗಿ ತೀರಿಹೋದರು.

ಅಜ್ಜಿ ಮಾತ್ರ ಪ್ರತಿ ಶುಕ್ರವಾರ ಪರದೆಯ ಹಿಂದೆ ಹೋಗಿ ಅದೇ ಕಥೆಯನ್ನು ದೋಣಿಯವರೆಗೆ ಹೇಳಿ ಬರುತ್ತಿದ್ದರು. ಯಾರಿಗೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ಅವರು ತೀರಿಕೊಂಡ ಮೇಲೆ ಸೊಸೆ, ಅಂದರೆ ನನ್ನ ತಾಯಿ. ನಿನ್ನೆ ನಾನು ಕೈಮುಗಿದು ಕೇಳಿದೆ: "ಅವ್ವ, ಏನಾದ್ರೂ ಒಂದು ಹೇಳಿ ಮುಗಿಸಿಬಿಡು." ಅವರು ನನ್ನನ್ನು ಹುಚ್ಚನೆಂಬಂತೆ ನೋಡಿದರು. "ಅವ್ರಿನ್ನೂ ಕೂತವ್ರೆ ಕಣ್ಲಾ ನಟರಾಜ. ಸುಳ್ಳೇಳಿ ಎಂಗ್ಲಾ ಎಬ್ಬಿಸ್ಲಿ?" ಎಂದರು. ಸಭಿಕರೇ, ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು. ಯಾಕೆಂದರೆ ಪರದೆಯ ಹಿಂದಿನ ಬೆಂಚುಗಳ ಮೇಲಿನ ದೂಳಿನಲ್ಲಿ ಜನ ಕೂತ ಗುರುತುಗಳಿದ್ದವು.

ಇರಲಿ. ಈಗ ಸಭೆಯ ಪರವಾಗಿ ಅವರಲ್ಲಿ ವಿನಂತಿ ಮಾಡುತ್ತೇನೆ. ಅವ್ವ, ಎದ್ದು ಬಾ...

ಕ್ಷಮಿಸಿ. ಬಾಗಿಲಲ್ಲಿ ಯಾರದು? ನನ್ನ ಮಗಳು ನಿಧಿ. ಜೊತೆಯಲ್ಲಿ... ಏನಮ್ಮ ನಿಧಿ? ಬೆಳಿಗ್ಗೆಯೇ ಅಜ್ಜಿಯನ್ನು ಮನೆಗೆ ಕರೆದುಕೊಂಡು ಹೋಗಿದ್ದೆಯಾ? ಇಷ್ಟು ಹೊತ್ತೂ ಮನೆಯಲ್ಲಿದ್ದರೇ?

ಸಭಿಕರೇ, ದಯವಿಟ್ಟು ಕೂತುಕೊಳ್ಳಿ. ನನ್ನ ತಾಯಿ ಆ ಬಾಗಿಲಲ್ಲಿ ನಿಂತಿದ್ದಾರೆ. ಪರದೆಯ ಹಿಂದೆ ಮಾತು ನಡೆಯುತ್ತಲೇ ಇದೆ. ಶಶಿಕುಮಾರ್, ಪರದೆ ಎತ್ತಬೇಡಿ. ಅದು ಒದ್ದೆಯಾಗಿದೆ.

ನಿಮಗೆ ಕೇಳಿಸಿತೇ? ಕಥೆ ದಡ ದಾಟಿತು. ನಾನು ಹುಟ್ಟಿದಾಗಿನಿಂದ ಆ ಕಥೆ ದಡದಲ್ಲೇ ನಿಲ್ಲುತ್ತಿತ್ತು. "ದೋಣಿ ಬಂತು, ಹತ್ರವ್ವ ಹತ್ರಿ" ಎನ್ನುತ್ತಿದೆ ನನ್ನ ಅಜ್ಜಿ ಗುರುಸಿದ್ದಮ್ಮನವರ ದನಿ. ಬಳೆ ಸದ್ದು. ಪರದೆಯ ಹಿಂದೆ ಕೂತವರು ಅಷ್ಟೂ ಜನ ಏಳುತ್ತಿದ್ದಾರೆ.

ಅವ್ವ, ನೀನು ಅಲ್ಲೇ ನಿಲ್ಲು. ಈ ಕಡೆ ಬರಬೇಡ. ನಿಧಿ, ಅಜ್ಜಿಯ ಕೈ ಬಿಡಬೇಡಮ್ಮ, ಎರಡೂ ಕೈಯಲ್ಲಿ ಹಿಡಿದುಕೋ. ತಾಯಂದಿರೇ, ಯಾರಾದರೂ ಅವಳ ಜೊತೆ ಹಿಡಿದುಕೊಳ್ಳಿ.

ಬಂದವರಿಗೆಲ್ಲ ವಂದನೆಗಳು. ಪರದೆಯ ಆಚೆಯವರಿಗೂ ವಂದನೆಗಳು, ತಾವು ಹೊರಡಬಹುದು. ನಮ್ಮವರನ್ನು ನಮಗೆ ಬಿಟ್ಟು ಹೊರಡಿ. ನಮಸ್ಕಾರ.