ಸುಣ್ಣ ಕೇಳಿಕೊಂಡು ಬಂದವರ ವಿಚಾರ

ಹೆಸರು: ಚೆಲುವಯ್ಯ ಬಿನ್ ಲೇಟ್ ಕರಿಯಪ್ಪ. ವಯಸ್ಸು: 56 ವರ್ಷ. ಕಸುಬು: ವ್ಯವಸಾಯ, ರೇಷ್ಮೆ ಹುಳು ಸಾಕಣೆ. ವಿದ್ಯೆ: ಎಸ್ಸೆಸ್ಸೆಲ್ಸಿ. ವಾಸ: ಹುಣಸೆಮರದದೊಡ್ಡಿ, ವಿರೂಪಾಕ್ಷಿಪುರ ಹೋಬಳಿ, ಚನ್ನಪಟ್ಟಣ ತಾಲ್ಲೂಕು.

ನಮ್ಮೂರಿನ ಬಾಲರಾಜು ಅವರು ದಿನಾಂಕ 05.02.2024ರಂದು ನನ್ನ ಮೇಲೆ ಕೊಟ್ಟಿರುವ ದೂರಿನ ಬಗ್ಗೆ ಠಾಣೆಯವರು ವಿಚಾರಿಸಿದರು. ಇದು ಬಾಯಲ್ಲಿ ಹೇಳಲು ನಾಚಿಕೆಯಾಗುವ ವಿಷಯ, ಬರೆದು ಕೊಡುತ್ತೇನೆ ಎಂದು ಕೇಳಿಕೊಂಡೆ. ಅವರು ಹಾಳೆ ಕೊಟ್ಟರು. ಅದರಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ಬಾಲರಾಜು ಅವರ ಹೆಂಡತಿ ಭಾನುಪ್ರಿಯ ಅವರಿಗೆ ನಾನು ಪ್ರೇಮಪತ್ರ ಬರೆದು, ಅದರಲ್ಲಿ ನಿರೋಧ್ ಪೊಟ್ಟಣಗಳನ್ನು ಸುತ್ತಿ ಕೊಟ್ಟಿದ್ದೇನೆ ಎಂಬುದು ದೂರು. ಪೊಟ್ಟಣ ಕೊಟ್ಟವನು ನಾನೇ. ಕಾಗದದ ಮೇಲಿನ ಬರಹವೂ ನನ್ನದೇ. ಎರಡನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಆ ಕಾಗದ ಭಾನುಪ್ರಿಯ ಅವರಿಗೆ ಬರೆದದ್ದಲ್ಲ. ಐದು ತಿಂಗಳ ಕೂಸನ್ನು ಎತ್ತಿಕೊಂಡು ಆ ಹೆಣ್ಣುಮಗಳು ದೊಡ್ಡಆಲಹಳ್ಳಿಯ ತವರಿಗೆ ಹೋಗಿ ಇವತ್ತಿಗೆ ಎರಡು ದಿನವಾಗಿದೆ. ಆಕೆಯ ಮೇಲೆ ಬಂದಿರುವ ಮಾತು ಹೋಗಬೇಕು ಎಂಬುದೊಂದೇ ನನ್ನ ಕೋರಿಕೆ.

ನನ್ನ ಪತ್ನಿ ಬೈರಮ್ಮ, 49 ವರ್ಷ, ಹದಿನಾಲ್ಕು ವರ್ಷದಿಂದ ನಮ್ಮೂರಿನ ಆಶಾ ಕಾರ್ಯಕರ್ತೆಯಾಗಿದ್ದಳು. ದಿನಾಂಕ 09.01.2024ರ ಮಂಗಳವಾರ ಬೆಳಿಗ್ಗೆ 6.40ಕ್ಕೆ, ಮಕ್ಕಳ ಲಸಿಕೆಯ ವಿಷಯ ಮನೆಮನೆಗೆ ಹೇಳಿ ಬರಲು ಹೊರಟವಳು ಹೊಸ್ತಿಲಲ್ಲಿ ಕುಸಿದಳು. ಆಸ್ಪತ್ರೆಗೆ 14 ಕಿಲೋಮೀಟರ್. ಒಂಬತ್ತನೇ ಕಿಲೋಮೀಟರಿನಲ್ಲಿ ತೀರಿಕೊಂಡಳು. ಆಗ ಗಂಟೆ 7.05. ಮೆದುಳಿನಲ್ಲಿ ರಕ್ತಸ್ರಾವ ಎಂದು ಬರೆದುಕೊಟ್ಟಿರುತ್ತಾರೆ. ಹನ್ನೊಂದನೇ ದಿನದ ಕಾರ್ಯ 19ರಂದು ಮುಗಿಯಿತು. ಚಾಕಿ ಹುಳುವಿಗೆ, ಅಂದರೆ ಸಾಕಲು ಕೊಳ್ಳುವ ಎಳೇ ಮರಿಹುಳುವಿಗೆ, ಮೊದಲೇ ಹೇಳಿಟ್ಟಿದ್ದರಿಂದ 20ರಂದು ಹುಳು ತಂದು ಮನೆಗೆ ಬಿಟ್ಟುಕೊಂಡೆ. ಕೈಗೆ ಕೆಲಸ ಬೇಕಿತ್ತು.

ದಿನಾಂಕ 21ರ ಭಾನುವಾರ ಬೆಳಿಗ್ಗೆ 7.10ಕ್ಕೆ ಒಬ್ಬ ಗಂಡಸು ಬಂದು, ಅಣ್ಣ, ಬೈರಕ್ಕನ ಸುಣ್ಣ ಒಸಿ ಇದ್ರೆ ಕೊಡು ಎಂದು ಕೇಳಿದರು. ಅವರ ಹೆಸರು ಹೇಳಲು ನನಗೆ ಇಷ್ಟವಿರುವುದಿಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಹಾಸಿಗೆ ಒಣಗಿರಲಿ, ರೋಗ ಬಾರದಿರಲಿ ಎಂದು ಸುಣ್ಣದ ಪುಡಿ ಎರಚುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಮೂಟೆಯಿಂದ ಅರ್ಧ ಕೆ.ಜಿ.ಯಷ್ಟು ಸುಣ್ಣ ಕಟ್ಟಿಕೊಟ್ಟೆ. ಅವರು ಅದನ್ನು ಕೈಯಲ್ಲಿ ತೂಗಿ, ಒತ್ತಿ ನೋಡಿ, ಆಮೇಲೆ ಹೋದರು. ಅವರು ಹೋದ ಮೇಲೆ ನನಗೆ ನೆನಪಾಗಿದ್ದೇನೆಂದರೆ, ಅವರಿಗೆ ಹಿಪ್ಪುನೇರಳೆ ತೋಟವೇ ಇಲ್ಲ.

22ರಂದು ಇನ್ನೊಬ್ಬರು ಬಂದರು. ಅವರ ಮನೆಯಲ್ಲಿ ಹುಳು ಮೇವು ಮುಗಿಸಿ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು ಎರಡು ದಿನವಾಗಿತ್ತು. ಗೂಡು ಕಟ್ಟುವ ಹುಳುವಿಗೆ ಸುಣ್ಣ ಯಾರೂ ಹಾಕುವುದಿಲ್ಲ. ಯಾಕೆ ಬೇಕು ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ಏನಣ್ಣ, ತಮಾಷೆ ಮಾಡ್ತೀಯಾ ಎಂದರು. ಅವರಿಗೂ ಅರ್ಧ ಕೆ.ಜಿ. ಕೊಟ್ಟೆ.

23ರಂದು ಸಂಜೆ 4.30ಕ್ಕೆ ಭಾನುಪ್ರಿಯ ಬಂದರು. ಬಾಲರಾಜು ನನ್ನನ್ನು ದೊಡ್ಡಪ್ಪ ಎಂದೂ ಭಾನುಪ್ರಿಯ ಮಾವ ಎಂದೂ ಕರೆಯುವ ರೂಢಿ. ಹಿಂದಿನ ಆಗಸ್ಟಿನಲ್ಲಿ ಆಕೆಗೆ ಎರಡನೇ ಹೆರಿಗೆ ಆಪರೇಷನ್ ಆಗಿ, ರಕ್ತದೊತ್ತಡ ಏರಿ, ಆರು ದಿನ ಆಸ್ಪತ್ರೆಯಲ್ಲಿ ಕಷ್ಟವಾಗಿತ್ತು. ಆ ಆರು ದಿನವೂ ಜೊತೆಗಿದ್ದವಳು ಬೈರಮ್ಮ. ಮೂರು ವರ್ಷ ಇನ್ನೊಂದು ಬಸಿರು ನಿಲ್ಲಬಾರದು, ನಿಂತರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದ್ದನ್ನು ಬೈರಮ್ಮ ಮನೆಗೆ ಬಂದು ನನಗೆ ಹೇಳಿದ್ದಳು. ಭಾನುಪ್ರಿಯ ಸುಣ್ಣ ಕೇಳಿದರು, ನಾನು ಕಟ್ಟಿಕೊಟ್ಟೆ. ಅಲ್ಲೇ ಬಿಚ್ಚಿ ನೋಡಿ, ಮಾವ, ಇದು ಸುಣ್ಣ ಎಂದರು. ಸುಣ್ಣವೇ ತಾನೇ ನೀನು ಕೇಳಿದ್ದು ಎಂದೆ. ಹೌದು, ಆದರೆ ಇದು ಸುಣ್ಣ ಎಂದು ಮತ್ತೆ ಹೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಕ್ಕರೋ ಅತ್ತರೋ ತಿಳಿಯಲಿಲ್ಲ. ಪುಡಿ ತೆಗೆದುಕೊಂಡೇ ಹೋದರು. ಅವರ ಮನೆಯಲ್ಲಿ ಈ ಬೆಳೆಗೆ ಹುಳು ಮೇಯಿಸುತ್ತಿಲ್ಲ.

ನನಗೆ ಮೂವತ್ತು ವರ್ಷದಿಂದ ದಿನಕ್ಕೆ ಎಂಟು ಹತ್ತು ಸಾಲು ಬರೆದಿಡುವ ಅಭ್ಯಾಸ. ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ, ಹಾಳೆಯ ಒಂದೇ ಬದಿಗೆ ಬರೆಯುತ್ತೇನೆ. ಬೈರಮ್ಮ ಹೋದ ಮೇಲೆ ಅವಳಿಗೇ ಹೇಳುವ ಹಾಗೆ ಬರೆಯುತ್ತಿದ್ದೇನೆ. ಬೇರೆ ಹೇಗೆ ಬರೆಯಬೇಕೆಂದು ತೋಚಿರುವುದಿಲ್ಲ. ಸುಣ್ಣಕ್ಕೆ ಬಂದವರ ವಿಷಯವನ್ನೂ ದಿನಾ ಬರೆದೆ. ಐದು ದಿನದಲ್ಲಿ ಒಂಬತ್ತು ಜನ. ಅವರಲ್ಲಿ ಹುಳು ಜ್ವರಕ್ಕೆ ಕೂತಿದ್ದವರು ಒಬ್ಬರೂ ಇರಲಿಲ್ಲ. ಅವಳು ಹೋದ ಮೇಲೆ ಮೊದಲ ಸಲ ನನ್ನ ತಲೆ ಬೇರೆ ಕಡೆ ಓಡಿದ್ದು ಇದಕ್ಕೇ ಎಂದು ಹೇಳಬೇಕು. ಊಟ ಮಾಡುವಾಗಲೂ ಸೊಪ್ಪು ಕತ್ತರಿಸುವಾಗಲೂ, ಇವರಿಗೆಲ್ಲ ಸುಣ್ಣ ಯಾಕೆ ಎಂದೇ ಯೋಚಿಸುತ್ತಿದ್ದೆ.

27ರ ಶನಿವಾರ ಬೆಳಿಗ್ಗೆ 10 ಗಂಟೆಗೆ ಹುಳು ಮನೆಯ ಮೇಲಿನ ಹಲಗೆ ಒರೆಸುವಾಗ ಒಂದು ತಗಡಿನ ಡಬ್ಬ ಕೈಗೆ ಸಿಕ್ಕಿತು. ಅದರ ಮೇಲೆ ಬೈರಮ್ಮನ ಅಕ್ಷರದಲ್ಲಿ ಸುಣ್ಣ ಎಂದು ಬರೆದಿತ್ತು. ಅದು ಹಳೇ ಸುಣ್ಣ, ಗಾಳಿಗೆ ಕೆಟ್ಟೋಗೈತೆ, ಮುಟ್ಟಬೇಡಿ ಎಂದು ಅವಳು ಯಾವಾಗಲೋ ಹೇಳಿದ್ದರಿಂದ ನಾನು ಮುಟ್ಟಿರಲಿಲ್ಲ. ತೆಗೆದು ನೋಡಿದರೆ ಸರ್ಕಾರದಿಂದ ಹಂಚಲು ಕೊಡುವ ನಿರೋಧ್ ಪೊಟ್ಟಣಗಳಿದ್ದವು. ಜೊತೆಗೆ ಒಂದು ಸಣ್ಣ ಪುಸ್ತಕ. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಕೊಡ, ಬೀಗ, ಬಾಚಣಿಗೆ, ಗಾಳಿಪಟ ಹೀಗೆ ಚಿತ್ರ ಬರೆದು ಮುಂದೆ ತಾರೀಕು ಹಾಕಿದ್ದಳು. ಅವಳಿಗೆ ಚಿತ್ರ ಬರೆಯಲು ಬರುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ.

ಯಾವ ಚಿತ್ರ ಯಾರ ಮನೆ ಎಂದು ಎರಡು ದಿನ ಕೂತು ಹೊಂದಿಸಿ ನೋಡಿದೆ. ಇದು ತಪ್ಪೆಂದು ಒಪ್ಪಿಕೊಳ್ಳುತ್ತೇನೆ. ಬೀಗ ಯಾರ ಮನೆಯೆಂದು ಹೊಳೆದಾಗ ಪುಸ್ತಕ ಮುಚ್ಚಿದೆ. ಆ ಮನೆಯ ಹೆಂಗಸಿಗೆ ಮಕ್ಕಳಾಗದ ಆಪರೇಷನ್ ಆಗಿ ಏಳು ವರ್ಷವಾಗಿದೆ. ಅವರಿಗೆ ಇದು ಯಾಕೆ ಬೇಕು ಎಂಬುದು ಮಾತ್ರ ನನ್ನನ್ನು ಬಿಡಲಿಲ್ಲ.

29ರ ಸೋಮವಾರ ಬೆಳಿಗ್ಗೆ 11.15ಕ್ಕೆ ಮೂರು ಕಿಲೋಮೀಟರ್ ದೂರದ ಆರೋಗ್ಯ ಉಪಕೇಂದ್ರಕ್ಕೆ ಹೋಗಿ ಸಿಸ್ಟರ್ ಕೆಹಕಶಾನ್ ಅವರಿಗೆ ಡಬ್ಬ ಕೊಡಲು ಹೋದೆ. ಹೊಸ ಆಶಾ ಬರಲು ಒಂದು ತಿಂಗಳಾಗಬಹುದು, ಅಲ್ಲಿಯವರೆಗೆ ನಿಮ್ಮೂರಿನವರು ಎಲ್ಲಿಗೆ ಹೋಗ್ಬೇಕು ಹೇಳಿ, ಡಬ್ಬ ನಿಮ್ಮ ಹತ್ರಾನೇ ಇರಲಿ ಎಂದು ಸಿಸ್ಟರ್ ಹೇಳಿದರು. ನನಗೆ ಇದರ ಗಂಧಗಾಳಿ ಗೊತ್ತಿಲ್ಲ ಎಂದೆ. ಕೂತ್ಕೊಳ್ಳಿ ಎಂದು ಹೇಳಿ ಮೇಜಿನ ಡ್ರಾಯರಿನಿಂದ ಮಕ್ಕಳ ಆಟಿಕೆಯ ಮರದ ಗೂಟ ತೆಗೆದರು. ಬಣ್ಣದ ಬಳೆ ಜೋಡಿಸುವ ಆಟಿಕೆ ಅದು. ಮೊಮ್ಮಗಳಿಗೆಂದು ನಾನೇ ಚನ್ನಪಟ್ಟಣದಲ್ಲಿ ಕೊಂಡು ತಂದದ್ದು. ಗೂಟ ಕಳೆದುಹೋಯಿತು ಎಂದು ಬೈರಮ್ಮ ನನ್ನ ಜೊತೆ ಸೇರಿ ಮನೆಯೆಲ್ಲ ಹುಡುಕಿದ್ದಳು.

ಸಿಸ್ಟರ್ ಗೂಟದ ಮೇಲೆ ತೋರಿಸಿ ತಿಳಿಸಿದ್ದೇನೆಂದರೆ: ಪೊಟ್ಟಣದ ಮೇಲಿನ ತಾರೀಕು ಮೊದಲು ನೋಡಬೇಕು. ಒತ್ತಿದರೆ ಒಳಗೆ ಗಾಳಿ ಇರಬೇಕು. ಹಲ್ಲಿನಿಂದ ಕಚ್ಚಬಾರದು, ಅಂಚಿನಿಂದ ಹರಿಯಬೇಕು. ತುದಿ ಹಿಸುಕಿ ಹಿಡಿದು ಬಿಡಿಸಬೇಕು. ಕೊಬ್ಬರಿ ಎಣ್ಣೆ ತಾಗಿದರೆ ಹರಿಯುತ್ತದೆ. ಒಂದು ಸಲಕ್ಕೆ ಒಂದು. ನಾನು ಗೂಟವನ್ನು ನೋಡದೆ ಗೋಡೆಯ ಲಸಿಕೆ ಪಟ್ಟಿ ನೋಡುತ್ತಿದ್ದೆ. ಇತ್ಲಾಗ್ ನೋಡಿ ಚೆಲುವಯ್ಯನವರೇ, ಗೋಡೆಗೇನು ಹಾಕಲ್ಲ ಎಂದರು. ಆಪರೇಷನ್ ಆದವರಿಗೂ ಇದು ಬೇಕಾಗುತ್ತದೆಯೇ ಎಂದು ಕೇಳಿದೆ, ಮನೆ ಯಾವುದೆಂದು ಹೇಳಲಿಲ್ಲ. ಆಪರೇಷನ್, ಗರ್ಭಕೋಶಕ್ಕೆ ಹಾಕುವ ವಂಕಿ, ಮಾತ್ರೆ ಇವು ಮಕ್ಕಳನ್ನು ಮಾತ್ರ ತಡೆಯುತ್ತವೆ, ಗಂಡ ಹೆಂಡತಿಯಲ್ಲಿ ಒಬ್ಬರಿಗಿರುವ ರೋಗ ಇನ್ನೊಬ್ಬರಿಗೆ ಹೋಗದ ಹಾಗೆ ತಡೆಯುವುದು ಇದೊಂದೇ ಎಂದು ಸಿಸ್ಟರ್ ಹೇಳಿದರು. ಬೀಗದ ಮನೆಗೆ ಬೈರಮ್ಮ ತಿಂಗಳಿಗೆ ಎರಡು ಸಲ ಹೋಗಿದ್ದಾಳೆ. ಆ ಹೆಂಗಸು ಆರೋಗ್ಯವಾಗಿದ್ದಾರೆ.

ಸುಣ್ಣ ಎಂಬ ಹೆಸರು ಇಟ್ಟವಳು ಬೈರಮ್ಮನೇ ಎಂದೂ ತಿಳಿಯಿತು. ಹುಳುವಿನ ಹಾಸಿಗೆಗೂ ಸುಣ್ಣ, ಮನುಷ್ಯರ ಹಾಸಿಗೆಗೂ ಸುಣ್ಣ ಎಂದು ಅವಳು ಹೆಂಗಸರ ಸಭೆಯಲ್ಲಿ ಹೇಳಿ ನಗಿಸುತ್ತಿದ್ದಳಂತೆ. ಹದಿನಾಲ್ಕು ವರ್ಷ ನನಗೆ ಯಾಕೆ ಹೇಳಲಿಲ್ಲ ಎಂದು ಸಿಸ್ಟರನ್ನು ಕೇಳಿದೆ. ಕೇಳಬಾರದಿತ್ತು. ಬೈರಕ್ಕ ಹೇಳೋರು, ನಮ್ಮೆಜಮಾನ್ರು ಒಳ್ಳೇರು, ಆದ್ರೆ ಎಲ್ಲಾ ಬರ್ದಿಡ್ತಾರೆ, ಅವರ್ಗೆ ಗೊತ್ತಾದ್ರೆ ಪುಸ್ತಕಕ್ಕೆ ಬರ್ತದೆ, ಪುಸ್ತಕಕ್ಕೆ ಬಂದಿದ್ದು ಯಾವತ್ತಾದ್ರೂ ಆಚೆಗೆ ಬರ್ತದೆ ಅಂತ, ಎಂದು ಸಿಸ್ಟರ್ ಹೇಳಿದರು.

ಆ ದಿನದಿಂದ ಬಂದವರಿಗೆ ಸರಿಯಾದ ಸುಣ್ಣವನ್ನೇ ಕೊಟ್ಟಿರುತ್ತೇನೆ. ಅವರ ಬಗ್ಗೆ ಬರೆಯುವುದನ್ನು ನಿಲ್ಲಿಸಿದೆ.

02.02.2024ರ ಶುಕ್ರವಾರ ಸಂಜೆ 4.15ಕ್ಕೆ ಭಾನುಪ್ರಿಯ ಮತ್ತೆ ಬಂದರು. ಬೈರಮ್ಮ ನ್ಯೂಸ್ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದಳು. ಮನೆಯಲ್ಲಿದ್ದ ಪೇಪರನ್ನೆಲ್ಲ ಹುಳುವಿನ ತಟ್ಟೆಗೆ ಹಾಸಿ ಮುಗಿದಿತ್ತು. ಕನ್ನಡಕ ಹುಳು ಮನೆಯಲ್ಲಿತ್ತು. ನೋಟ್ ಪುಸ್ತಕದಲ್ಲಿ ಖಾಲಿಯಾಗಿ ಕಂಡ ಬದಿಯನ್ನು ನೋಡಿ, ಖಾಲಿ ಹಾಳೆ ಎಂದು ತಿಳಿದು, ಅರ್ಧಕ್ಕೆ ಹರಿದು, ನಾಲ್ಕು ಪೊಟ್ಟಣ ಸುತ್ತಿಕೊಟ್ಟೆ. ತಾರೀಕು ನೋಡು, ಎಣ್ಣೆ ತಾಗಿಸಬೇಡ ಎಂದು ನೆಲ ನೋಡಿಕೊಂಡು ಹೇಳಿದೆ. ಅತ್ತೆ ಹಿಂಗೆಲ್ಲ ಪಾಠ ಮಾಡ್ತಿರ್ಲಿಲ್ಲ ಮಾವ, ಕೊಟ್ಟು ಸುಮ್ನೆ ಕಳಿಸೋರು ಎಂದು ಭಾನುಪ್ರಿಯ ನಕ್ಕು ಹೋದರು. ಆಕೆ ಬಾಗಿಲಾಚೆ ನಿಂತಿದ್ದರು, ನಾನು ಒಳಗಿದ್ದೆ. ಒಟ್ಟು ಮೂರು ನಿಮಿಷ.

04ರ ಭಾನುವಾರ ಬೆಳಿಗ್ಗೆ 9.20ಕ್ಕೆ ನಾನು ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗ ಬಾಲರಾಜು ಹೊರಗಿನಿಂದಲೇ ಕೂಗಿಕೊಂಡು ಬಂದರು. ದೊಡ್ಡಮ್ಮನ ತಿಥಿ ಆಗಿ ಇನ್ನೂ ತಿಂಗಳಾಗಿಲ್ಲ, ಆಗ್ಲೇ ನನ್ನೆಂಡ್ರಿಗೆ ಕಾಗ್ದ ಬರೀತಿಯಾ, ಪೊಟ್ಣ ನಂಗೂ ಗೊತ್ತು, ಈ ಕಾಗ್ದ ಏನು, ಓದು ಎಂದು ಬೈದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಚೀಲದ ಮೇಲೆ ಎರಡೂ ಕಾಲು ಒರೆಸಿ, ಒಳಗೆ ಬಂದು ನನ್ನ ಅಂಗಿ ಹಿಡಿದರು. ಅಷ್ಟು ಸಿಟ್ಟಿನಲ್ಲೂ ಅವರು ನನ್ನ ಹುಳುವಿಗೆ ಕೆಡುಕು ಮಾಡಲಿಲ್ಲ ಎಂಬುದನ್ನು ಇಲ್ಲಿ ಬರೆಯಬೇಕು. ಕಾಗದವನ್ನು ಅವರೇ ಗಟ್ಟಿಯಾಗಿ ಓದಿದರು. ಅದರ ಮೇಲೆ ಇದ್ದದ್ದು: "ಗುಲಾಬಿ ಸೀರೆಯಲ್ಲಿ ನೀನು ಬಾಗಿಲಿಗೆ ಬಂದ ಹಾಗಾಗಿ ಎರಡು ಸಲ ಎದ್ದು ನೋಡಿದೆ. ಯಾರಿಗೂ ಹೇಳಲಿಲ್ಲ. ನಿನ್ನ ದಿಂಬನ್ನು ತೆಗೆದಿಲ್ಲ. ನೀನು ಬರುವುದಿಲ್ಲ ಎಂದು ಗೊತ್ತು, ಆದರೂ ಒಂದು ಲೋಟ ಕಾಫಿ ಹೆಚ್ಚಿಗೆ ಕಾಯಿಸಿದೆ."

ಹುಳು ಮನೆಯಲ್ಲಿ ಬೇರೆಯವರ ಬಾಯಲ್ಲಿ ಅದನ್ನು ಕೇಳಿ ಕೈಯಲ್ಲಿದ್ದ ಸೊಪ್ಪು ನೋಡುತ್ತಾ ನಿಂತೆ. ನಾನು ಸುಮ್ಮನಿದ್ದುದನ್ನು ಅವರು ಒಪ್ಪಿಗೆ ಎಂದು ತಿಳಿದರು. ಅದೇ ದಿನ 11 ಗಂಟೆಯ ಬಸ್ಸಿಗೆ ಭಾನುಪ್ರಿಯ ಕೂಸಿನ ಜೊತೆ ತವರಿಗೆ ಹೋದರು. ಬಸ್ಸು ಹೋಗುವುದನ್ನು ನಾನು ನೋಡಿದೆ. ಆಗಲೇ ಮಾತಾಡಿದ್ದರೆ ಆಕೆ ಹೋಗಬೇಕಾಗಿರಲಿಲ್ಲ.

ಈ ದಿನ 06.02.2024ರ ಬೆಳಿಗ್ಗೆ 10.30ಕ್ಕೆ ನೋಟ್ ಪುಸ್ತಕದ ಸಮೇತ ಠಾಣೆಗೆ ಹಾಜರಾದೆ. ಬಾಲರಾಜು ಅವರೂ ಇದ್ದರು. ಗುಲಾಬಿ ಸೀರೆ ತನ್ನ ಹೆಂಡತಿಯ ಹತ್ತಿರವೂ ಇದೆ ಎಂದು ಅವರು ಹೇಳಿದರು. ಆಶಾದವರ ಸಮವಸ್ತ್ರ ಗುಲಾಬಿ ಸೀರೆ ಎಂದು ನಾನು ಹೇಳಿದೆ. ಹೆಡ್ ಕಾನ್‌ಸ್ಟೇಬಲ್ ವೆಂಕಟಯ್ಯನವರು ಸುಣ್ಣದ ವಿಷಯ ಕೇಳಿ, ನಮ್ಮೂರಲ್ಲಿ ಇದುಕ್ಕೆ ಉಪ್ಪು ಅಂತಾರೆ ಕಣ್ರೀ, ಅಲ್ಲಿ ಯಾರು ಯಾರಿಗೆ ಉಪ್ಪು ಕೊಟ್ಟವ್ರೋ ಎಂದರು. ನಂತರ ಅವರು ಪುಸ್ತಕದಲ್ಲಿ ಉಳಿದಿದ್ದ ಅರ್ಧ ಹಾಳೆಯ ಕೆಳಗೆ, ದೂರಿನ ಜೊತೆಯಿದ್ದ ಅರ್ಧ ಹಾಳೆಯನ್ನು ಇಟ್ಟರು. ಹರಿದ ಅಂಚು ಅಂಚಿಗೆ ಕೂತಿತು. ಮೇಲಿನ ಅರ್ಧದಲ್ಲಿ 25.01.2024 ಎಂಬ ತಾರೀಕಿನ ಕೆಳಗೆ ಹೀಗಿರುತ್ತದೆ: "ಬೈರೀ, ನೀನು ಹೋಗಿ ಹದಿನೇಳು ದಿನ. ಹುಳು ಮೂರನೇ ಜ್ವರಕ್ಕೆ ಕೂತಿವೆ. ಸುಣ್ಣ ಕೇಳಿಕೊಂಡು ಇವತ್ತೂ ಇಬ್ಬರು ಬಂದಿದ್ದರು. ಯಾಕೆ ಎಂದು ಗೊತ್ತಾಗುತ್ತಿಲ್ಲ. ನೀನಿದ್ದಿದ್ದರೆ ಕೇಳುತ್ತಿದ್ದೆ."

ಬಾಲರಾಜು ಎರಡೂ ಅರ್ಧವನ್ನು ಬಗ್ಗಿ ಓದಿದರು. ಮತ್ತೊಂದು ಸಲ ಓದಿದರು. ಹೊರಗೆ ಹೋದರು.

ಸಣ್ಣ ಪುಸ್ತಕವನ್ನು ನಾನು ತಂದಿರುವುದಿಲ್ಲ. ಅದರಲ್ಲಿರುವುದು ಬೇರೆಯವರ ಮನೆಯ ಮಾತು. ಅದನ್ನು ಕೇಳಬಾರದಾಗಿ ವಿನಂತಿ. ಹರಿದ ಅರ್ಧ ಹಾಳೆ ನಿಮ್ಮ ಕಡತದಲ್ಲಿದೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸು ಕೊಡಿಸಿದರೆ ಅಂಟಿಸಿಕೊಳ್ಳುತ್ತೇನೆ. ಬಾಲರಾಜು ಅವರ ಮೇಲೆ ನನ್ನ ದೂರು ಏನೂ ಇರುವುದಿಲ್ಲ.

ಹೇಳಿಕೆ ಬರೆಯುತ್ತಿರುವಾಗ, ಮಧ್ಯಾಹ್ನ 12.10ಕ್ಕೆ, ನೀರು ಕುಡಿಯಲು ಜಗಲಿಗೆ ಹೋಗಿದ್ದೆ. ಬಾಲರಾಜು ಕಂಬಕ್ಕೆ ಒರಗಿ ನಿಂತಿದ್ದರು. ನನ್ನ ಮುಖ ನೋಡದೆ, ದೊಡ್ಡಆಲಹಳ್ಳಿಗೆ ಹೋಗ್ಬುಟ್ಟು ಸಂಜೆ ಬಸ್ಸಿಗೆ ಅವಳ್ನ ಕರ್ಕೊಂಡ್ ಬತ್ತೀನಿ ಎಂದು ಹೇಳಿದರು. ಎರಡು ಹೆಜ್ಜೆ ಹೋಗಿ ನಿಂತು, ದೊಡ್ಡಪ್ಪ, ಮನೇಲಿ ಒಸಿ ಸುಣ್ಣ ಐತಾ ಎಂದು ಕೇಳಿದರು. ಐತೆ ಬಾ ಎಂದು ಹೇಳಿದೆ. ಅವರು ಈ ಬೆಳೆ ಹುಳು ಮೇಯಿಸುತ್ತಿಲ್ಲ ಎಂಬುದನ್ನು ಮೇಲೆ ತಿಳಿಸಿರುತ್ತೇನೆ.

ಇಷ್ಟೂ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ನನ್ನ ಕೈಯಿಂದಲೇ ಬರೆದು, ಈ ಸಲ ಕನ್ನಡಕ ಹಾಕಿಕೊಂಡು, ಹಾಳೆಯ ಎರಡೂ ಬದಿ ನೋಡಿ ಸಹಿ ಮಾಡಿರುತ್ತೇನೆ.

ಸ್ಥಳ: ಠಾಣೆ, ಚನ್ನಪಟ್ಟಣ ತಾಲ್ಲೂಕು
ದಿನಾಂಕ: 06.02.2024, ಮಧ್ಯಾಹ್ನ 12.50

ಸಹಿ/-
ಚೆಲುವಯ್ಯ