ಮೈಕ್ ಕಟ್ಟಿದ ಜೀಪು

...ಅದಕ್ಕೇ ಹೇಳ್ತಿದ್ದೀನಿ ಸೋಮಯ್ಯಣ್ಣ, ಸತ್ತಿರೋದು ನಿನ್ನ ಬಲಗೈ ಅಲ್ಲ. ಕೈ ಚೆನ್ನಾಗೇ ಇದೆ. ಅದಕ್ಕೆ ಹುಕುಂ ಕೊಡೋ ತೋಟದ ರೈಟರ್ ಮಲಗಿಬಿಟ್ಟಿದ್ದಾನೆ, ಅಷ್ಟೆ. ಬಲಗಡೆ ಮೈಗೆ ಯಜಮಾನ ಎಡಗಡೆ ಮೆದುಳು. ಯಾವ ದೇವರ ಏರ್ಪಾಡೋ, ನಮ್ಮ ಸರ್ಕಾರದ ಹಾಗೇ ಇದೆ. ಇಲ್ಲಿನ ಕೆಲಸಕ್ಕೆ ಅಲ್ಲೆಲ್ಲೋ ಆಫೀಸು.

ಯಾಕೆ ನಗ್ತೀಯ? ನಕ್ಕರೂ ಅರ್ಧ ಬಾಯಿ. ಇರಲಿ, ಲಕ್ವ ಹೊಡೆದು ಮೂರು ವಾರಕ್ಕೆ ಅಷ್ಟಾದರೂ ಬಂತಲ್ಲ.

ಈ ನಂದೀಶ ಎಸ್ಸೆಸ್ಸೆಲ್ಸಿ ಫೇಲು, ಒಪ್ಪಿದೆ. ಆದರೆ ನೀನು ಬಿದ್ದ ಮೇಲೆ ಮೆದುಳಿನ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೀನಿ. ಭಾನುವಾರ ನೀನು ತರ್ತಿದ್ದ ಹಂದಿಮಾಂಸದಷ್ಟೂ ತೂಗಲ್ಲ ಅದು. ಮೈಯ ರಕ್ತದಲ್ಲಿ ಐದರಲ್ಲೊಂದು ಪಾಲು ಅದೇ ಕುಡಿಯುತ್ತೆ. ಧಣಿ ಅಂದ್ರೆ ಅದು, ಕೂತಲ್ಲೇ ಕುಡಿಯೋದು. ಆ ನಾಟಿವೈದ್ಯ ನಾಗರಾಜು ಬಂದು ಪಾರಿವಾಳದ ರಕ್ತ ತಿಕ್ಕಿ ಅಂದನಂತೆ? ಮತ್ತೆ ಬಂದರೆ ಅವನ ತಲೆಗೇ ತಿಕ್ಕು.

ಮಾರ್ಚಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕ್ತೀವಲ್ಲ, ಪೈಪಿಗೆ ಒಂದು ಎಲೆ ಸಿಕ್ಕಿಕೊಂಡರೆ ಆ ತಾಕಿನ ಅಷ್ಟೂ ಗಿಡ ಹೂ ಬಿಡಲ್ಲ. ನಿನಗಾದದ್ದೂ ಅದೇ. ರಕ್ತದ ಗಂಟು ಸಿಕ್ಕಿಕೊಂಡದ್ದು ಮಾತಿನ ತಾಕಿಗೆ. ಅರ್ಥ ಮಾಡಿಕೊಳ್ಳೋ ತಾಕು ಬೇರೆ, ಅದು ಹಸಿರಾಗೇ ಇದೆ ಅಂದ್ರು ಡಾಕ್ಟರು. ಅಂದ್ರೆ ನಾನು ಹೇಳೋದೆಲ್ಲ ನಿನಗೆ... ಗೊತ್ತಾಗ್ತಿದೆ, ಅಲ್ವಾ?

ಹಾಗೆ ನೋಡಬೇಡ. ಈ ದೂರು ಕೇಳು. 'ಆನೆ ಕಂದಕಕ್ಕಾಗಿ ನಡೆದ ಧರಣಿಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಸೋಮಯ್ಯನವರಿಗೆ ಲಕ್ವ ಹೊಡೆಯಿತು. ಮೂರಕ್ಕೆ ಕರೆತಂದರೂ ಆಸ್ಪತ್ರೆಯವರು ಗಂಟು ಕರಗಿಸುವ ಇಂಜೆಕ್ಷನ್ ಕೊಡಲಿಲ್ಲ.' ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅದನ್ನ. ನಿನ್ನ ಎಡಗೈ ಹೆಬ್ಬೆಟ್ಟು ಒಂದು ಬಿದ್ದರೆ ಸಾಕು, ನಾಳೆಯೇ ಅವರ ಗೇಟಿನ ಮುಂದೆ ಕೂರ್ತೀವಿ.

ಯಾಕಣ್ಣ, ಕೈ ಯಾಕೆ ಎಳ್ಕೊಂಡೆ?

ಬೆರಳು ಎಲ್ಲಿಡ್ತಿದ್ದೀಯ... 'ಒಂದು ಗಂಟೆ'. ಅದಕ್ಕೇನಾಯ್ತು? ನೀನು ಕುಸಿದದ್ದು ಒಂದಕ್ಕೇ. ಅದಕ್ಕೆ ಮುಂಚೆ ಬಾಯಿ ಸ್ವಲ್ಪ ಸೊಟ್ಟಗಿತ್ತು, ಸರಿ. ಘೋಷಣೆ ತೊದಲ್ತಿತ್ತು. ಒಂಬತ್ತೂವರೆ ಇರಬಹುದು. ಬೆಳಗ್ಗೇನೇ ಏರಿಸಿಕೊಂಡು ಬಂದಿದ್ದೀಯ ಅಂದ್ಕೊಂಡೆ. ಈ ಊರಲ್ಲಿ ಯಾರು ಅಂದ್ಕೊಳ್ಳಲ್ಲ, ಹೇಳು? ಮೈಕಲ್ಲೇ ಬೈದೆ. ಜನ ನಕ್ಕರು.

ಕಣ್ಣು ಮಿಟುಕಿಸೋದೂ ಮರೆತುಹೋಯ್ತಾ ನಿನಗೆ?

ಸರಿ. ಮೆಲ್ಲಗೆ ಹೇಳ್ತೀನಿ, ನಿನ್ನ ಹೆಂಡತಿ ಹಿತ್ತಲಲ್ಲೇ ಇದ್ದಾರೆ. ಅವತ್ತು ಹತ್ತು ಗಂಟೆಗೆ ಅವರೇ, ತಂಗಮ್ಮಕ್ಕನೇ, ನನ್ನ ಹತ್ತಿರ ಬಂದಿದ್ರು. ಇವರು ಕುಡಿದಿಲ್ಲ, ಕೈ ಎತ್ತೋಕಾಗ್ತಿಲ್ಲ, ಜೀಪು ಕೊಡಿ ಅಂದ್ರು. ಅಲ್ಲಿದ್ದದ್ದು ಅದೊಂದೇ ಜೀಪು. ಅದರ ಮೇಲೆ ಮೈಕ್ ಕಟ್ಟಿತ್ತು. ಬಿಚ್ಚಿದರೆ ಧರಣಿ ಮುಗೀತು. ಟೀವಿಯವರು ಹನ್ನೊಂದಕ್ಕೆ ಬರ್ತಾರೆ, ಆಮೇಲೆ ಕೊಡ್ತೀನಿ ಅಂದೆ.

ಟೀವಿಯವರು ಬಂದದ್ದು ಒಂದಕ್ಕೆ.

ಆಸ್ಪತ್ರೇಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. ಕೊನೇ ಸಲ ಇವರು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ? ಅಕ್ಕ ನಿಜ ಹೇಳಿದ್ರು. ಹೊತ್ತು ಮೀರಿದೆ, ಈಗ ಕೊಟ್ಟರೆ ತಲೆಯೊಳಗೆ ರಕ್ತನಾಳ ಒಡೆಯುತ್ತೆ ಅಂದ್ರು ಡಾಕ್ಟರು. ನಾನು ಗೋಡೆ ನೋಡ್ತಾ ನಿಂತಿದ್ದೆ.

ಆಯ್ತು, ಹರಿದೆ. ನೋಡು, ಹರಿದುಹಾಕಿದೆ.

ಈಗಲಾದ್ರೂ ಏನಾದ್ರೂ ಅನ್ನು. ಮಾತೆಲ್ಲ ಹೋದ್ರೂ ಬೈಗುಳ ಉಳಿದಿದೆಯಂತೆ ನಿನಗೆ, ಅಕ್ಕ ಹೇಳಿದ್ರು. ಅದು ಮೆದುಳಲ್ಲಿ ಬೇರೆ ಕಡೆ ಇರುತ್ತಂತೆ. ನಿನ್ನೆ ವ್ಯಾಯಾಮ ಮಾಡಿಸೋಕೆ ಬಂದವನಿಗೆ ಬೈದೆಯಂತೆ. ತಣ್ಣಗಾದ ಕಡುಬಿಗೂ ಬೈದೆಯಂತೆ. ನನಗೂ ಬೈ. ಅಪ್ಪಂದೋ ಅಮ್ಮಂದೋ, ಯಾವುದಾದ್ರೂ ಸರಿ, ಬೈಯಣ್ಣ.

...

ನನಗೆ ಅದೂ ಇಲ್ವಾ?