ಸೂಪು ಕುಡಿದವರ ಪುಟ

ಅಧ್ಯಕ್ಷತೆ ವಹಿಸಿ, ಆಗಲೇ ಎರಡು ಸಲ ಗಡಿಯಾರ ನೋಡಿರುವ ಫಾದರ್ ಕಾಲಮ್ ಅವರೇ, ಇಂದು ಸನ್ಮಾನಗೊಂಡ ನನ್ನ ನೆರೆಮನೆಯ ಫಿಂಟನ್ ಹೆಶನ್ ಅವರೇ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವ ನನ್ನ ತಂಗಿ ಡಿಂಪ್ನಾ, ಚಹಾ ಯಾವಾಗ ಎಂದು ಕಾಯುತ್ತಿರುವ ಕಿಲ್‌ಬ್ರಾನಿಯ ಸಭಿಕರೇ,

ಫಿಂಟನ್ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕೆಂದು ಇತಿಹಾಸ ಸಂಘದವರು ಕೇಳಿದಾಗ ನಾನು ದಂಗಾದೆ. ಈ ಮ್ಯಾಲಕಿ ಟೂಹಿಯ ಬಾಯಲ್ಲಿ ಹೆಶನ್ನರ ಹೊಗಳಿಕೆಯೇ? ನೀವೂ ಅದನ್ನು ನೋಡಲೆಂದೇ ಬಂದಿದ್ದೀರಿ, ಗೊತ್ತು ಬಿಡಿ.

ಫಿಂಟನ್ ಮಾಡಿದ್ದು ಸಣ್ಣ ಕೆಲಸವೇ? ನಮ್ಮ ಧರ್ಮಕೇಂದ್ರದ ಇನ್ನೂರು ವರ್ಷಗಳ ಜ್ಞಾನಸ್ನಾನ, ಮದುವೆಗಳ ದಾಖಲೆ. ಇಲಿ ಕಡಿದ ಪುಟಗಳು. ಪಾದ್ರಿಗಳ ಕೋಳಿಕಾಲಿನ ಅಕ್ಷರ, ಅದೂ ಲ್ಯಾಟಿನ್ನಿನಲ್ಲಿ! ಹನ್ನೊಂದು ವರ್ಷ ಕೂತು ಎಲ್ಲವನ್ನೂ ಬಿಡಿಸಿ ಬರೆದ. ಬಾಸ್ಟನ್ನಿನಿಂದ ಬಂದವರು ಮುತ್ತಜ್ಜನ ಹೆಸರು ಸಿಕ್ಕಿತೆಂದು ಇವನನ್ನು ತಬ್ಬಿಕೊಂಡು ಅಳುತ್ತಾರೆ. ಆ ಬರಹವನ್ನು ಮುಟ್ಟಿಯೂ ನೋಡದವರು ನಾವು ಟೂಹಿಗಳು ಮಾತ್ರ. ನೋಡುವುದೇನಿತ್ತು? ನಮ್ಮ ಚರಿತ್ರೆ ನಮಗೆ ಬಾಯಿಪಾಠ!

ಆ ಚರಿತ್ರೆ ನಿಮಗೂ ಗೊತ್ತು. ಆಲೂಗಡ್ಡೆ ಕೊಳೆತು ಊರೇ ಹಸಿದ ವರ್ಷಗಳಲ್ಲಿ, ತಮ್ಮ ಪಂಥಕ್ಕೆ ಸೇರಿದವರಿಗೆ ಪ್ರೊಟೆಸ್ಟೆಂಟ್ ಮಿಷನ್ನಿನವರು ಕೊಡುತ್ತಿದ್ದ ಸೂಪಿಗಾಗಿ ಹೆಶನ್ನರು ನಮ್ಮ ಕ್ಯಾಥೊಲಿಕ್ ಚರ್ಚು ಬಿಟ್ಟು ಹೋದರು, ಟೂಹಿಗಳು ಹೋಗಲಿಲ್ಲ. ಅಜ್ಜ ಹೇಳಿದ, ಅಪ್ಪ ಹೇಳಿದ, ನಾನಂತೂ ಸಿಕ್ಕಸಿಕ್ಕಲ್ಲಿ ಹೇಳಿದೆ. ನಲವತ್ತಾರು ವರ್ಷಗಳ ಹಿಂದೆ ಇದೇ ಸಭಾಂಗಣದಲ್ಲಿ ಫಿಂಟನ್, ಡಿಂಪ್ನಾ ಜೊತೆಯಾಗಿ ಕುಣಿಯುತ್ತಿದ್ದಾಗ ವಾದ್ಯ ನಿಲ್ಲಿಸಿ ಕೂಗಿದೆ: "ಏಯ್ ಹೆಶನ್, ಅವಳ ಕೈ ಬಿಡೋ! ಸೂಪು ಕುಡಿದವರ ಮನೆಗೆ ನಮ್ಮ ಹುಡುಗೀನ ಕೊಡಲ್ಲ!"

ಜನ ನಕ್ಕರು. ಅಪ್ಪ ತೀರಿಕೊಂಡಿದ್ದ, ಮನೆಗೆ ನಾನೇ ಯಜಮಾನ. ಇಬ್ಬರೂ ಆಮೇಲೆ ಮದುವೆಯಾಗಲಿಲ್ಲ. ಡಿಂಪ್ನಾ ನನಗೆ ಬೇಯಿಸಿ ಹಾಕುತ್ತಾ ಉಳಿದಳು. ನಾನೇನೂ ಅವಳಿಗೆ ಕಡಿಮೆ ಮಾಡಿಲ್ಲ; ಹೋದ ವರ್ಷ ದೊಡ್ಡ ಫ್ರಿಜ್ಜು ತಂದುಕೊಟ್ಟೆ. ಇರಲಿ, ಆ ಮಾತು ಬೇಡ.

ಮೊನ್ನೆ ಮಂಗಳವಾರ ಈ ಭಾಷಣಕ್ಕೆಂದು ಫಿಂಟನ್ನನ ಪುಸ್ತಕ ತೆರೆದೆ. ಮೊದಲು ನಮ್ಮ ಹೆಸರನ್ನೇ ಹುಡುಕಿದೆ. ಯಾರು ಹುಡುಕುವುದಿಲ್ಲ ಹೇಳಿ? ೧೮೪೯ರ ಮೇ ತಿಂಗಳು. "ಸೂಪಿಗಾಗಿ ನಮ್ಮನ್ನು ಬಿಟ್ಟುಹೋಗಿದ್ದ ಪ್ಯಾಟ್ರಿಕ್ ಟೂಹಿ, ಅವನ ಹೆಂಡತಿ, ಉಳಿದಿರುವ ಇಬ್ಬರು ಮಕ್ಕಳು ಇಂದು ಮರಳಿದರು. ಅವರ ಪರವಾಗಿ ನಿಂತವನು, ಎಂದೂ ನಮ್ಮನ್ನು ಬಿಟ್ಟುಹೋಗದ ಮಾರ್ಟಿನ್ ಹೆಶನ್."

ಉಳಿದಿರುವ ಇಬ್ಬರು, ಸಭಿಕರೇ. ಹಿಂದಿನ ಪುಟಗಳಲ್ಲಿ ಐವರ ಜ್ಞಾನಸ್ನಾನವಿತ್ತು. ಆ ತಾಯಿ ಸೂಪು ಕುಡಿಸಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಕುಡಿಸದಿದ್ದರೆ ನಾನೆಲ್ಲಿ ಹುಟ್ಟುತ್ತಿದ್ದೆ? ನನಗೆ ನಾಚಿಕೆಯಾದದ್ದು ನನ್ನ ಬಾಯಿಯ ಬಗ್ಗೆ.

ಫಿಂಟನ್ ಮನೆಗೆ ಓಡಿದೆ. "ಗೊತ್ತಿದ್ದೂ ಯಾಕೋ ಹೇಳಲಿಲ್ಲ?" ಎಂದೆ.

"ಓದಿ ಒಂಬತ್ತು ವರ್ಷ ಆಯ್ತು ಮಾರಾಯ. ಹೇಳಿದ್ರೆ ನಿನ್ನ ಮುಖ ಸಣ್ಣದಾಗ್ತಿತ್ತು, ಅಷ್ಟೆ. ಹೋದ ವರ್ಷಗಳು ವಾಪಸ್ ಬರ್ತಿದ್ವಾ?" ಎಂದ.

ಡಿಂಪ್ನಾಳಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಆಲೂಗಡ್ಡೆ ಹೆರೆಯುತ್ತಿದ್ದಳು, ತಲೆ ಎತ್ತಲಿಲ್ಲ. "ಅಡುಗೆಮನೇಲಿ ಪಿಸುಪಿಸು ಕ್ಷಮೆ ನಂಗೆ ಬೇಡ ಅಣ್ಣ. ಅವತ್ತು ಊರಿಗೆಲ್ಲ ಕೇಳೋ ಹಾಗೆ ಕೂಗಿದ್ಯಲ್ಲ, ಹಾಗೇ ಕೂಗು" ಎಂದಳು.

ಕೂಗುತ್ತಿದ್ದೇನೆ. ಸೂಪು ಕುಡಿದವರು ನಾವು! ಕೈಹಿಡಿದು ವಾಪಸ್ ಕರೆತಂದವರು ಹೆಶನ್ನರು! ಫಿಂಟನ್, ಡಿಂಪ್ನಾ, ನಿಮ್ಮ ಬದುಕಿಗೆ ಅಡ್ಡ ಬಂದವನು ನಾನು. ತಪ್ಪಾಯಿತು.

ಸಂಘಕ್ಕೆ, ಚಹಾ ಕಾಯಿಸುತ್ತಿರುವವರಿಗೆ ನನ್ನ ಧನ್ಯವಾದ… ಡಿಂಪ್ನಾ, ಎದ್ದು ಎಲ್ಲಿಗೆ ಹೊರಟೆ? ಬಾಗಿಲು ಆ ಕಡೆ… ವೇದಿಕೆಗೆ ಯಾಕಮ್ಮಾ? ಇಲ್ಲಿರುವುದು ಮೂರೇ ಕುರ್ಚಿ. ಫಿಂಟನ್ ಪಕ್ಕದ್ದು ನನ್ನದು.

ಕೂತೇಬಿಟ್ಟಳು. ಪರವಾಗಿಲ್ಲ ಫಾದರ್, ನೀವು ಏಳಬೇಡಿ, ನಾನು ನಿಂತೇ ಇರುತ್ತೇನೆ. ಎಲ್ಲರಿಗೂ ನಮಸ್ಕಾರ.